ಜೋಡಿ ಕಟ್ಟುವ ಧರ್ಮ

ಕಳೆದ ಸಂಕ್ರಾಂತಿಯ ಮಾರನೆಯ ದಿನ ಊಟ ಮುಗಿಸಿ, ಎಲೆಯಡಕೆ ಹಾಕಿಕೊಂಡು, ಶ್ರೀರಂಗಪಟ್ಟಣದ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ ನನ್ನ ತಂಗಿಯ ಮಗನಿಗೂ ನನಗೂ ಒಂದು ವಾದ ಹುಟ್ಟಿತು. ಅವನು ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವವನು, ವಿದ್ಯಾವಂತ, ಸಾಧು. ಇರುವೆಯನ್ನೂ ತುಳಿಯದಂತೆ ನಡೆಯುವ ಈ ಹುಡುಗನಿಗೆ ಪಾಶ್ಚಾತ್ಯರ ಮುಷ್ಟಿಯುದ್ಧವನ್ನು ನೋಡುವ ಚಟ ಹೇಗೆ ಅಂಟಿತೋ ನಾನರಿಯೆ. ಅಂದು ಅವನು ಬಹಳ ಕ್ಷೋಭೆಗೊಂಡಿದ್ದನು. ಕೈಯಲ್ಲಿದ್ದ ಫೋನನ್ನು ನನ್ನ ಕನ್ನಡಕದ ಮುಂದೆ ಹಿಡಿದು, “ನೋಡಿ ಮಾವ, ಒಂದೇ ತೂಕದ ಆಳುಗಳಿಗೆ ನಾಲ್ಕು ಸಂಸ್ಥೆಗಳ ನಾಲ್ಕು ಪಟ್ಟಿ. ಒಂದರಲ್ಲಿ ಎರಡನೆಯವನಾದವನು ಇನ್ನೊಂದರಲ್ಲಿ ಏಳನೆಯವನು. ಮೂರನೆಯದರಲ್ಲಿ ಅವನ ಹೆಸರೇ ಇಲ್ಲ. ಯಾರು ದೊಡ್ಡವನು ಎಂದು ತೀರ್ಮಾನವಾಗಬೇಕಾದರೆ ಇವರು ಒಬ್ಬರೊಡನೊಬ್ಬರು ಸೆಣಸಬೇಕು. ಸೆಣಸಲು ಬಿಡುವವರೇ ಇಲ್ಲ. ಇದೆಂಥ ನ್ಯಾಯ?” ಎಂದನು.

ನಾನು, “ಇದರಲ್ಲಿ ಹೊಸದೇನಪ್ಪ? ನಮ್ಮ ಜಾತ್ರೆಗಳ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ನಡೆಯುವ ಜಗಳವೇ ಇದು” ಎಂದೆನು. ಅವನು ನಕ್ಕು, “ಎಲ್ಲಿಯ ಲಾಸ್ ವೇಗಾಸ್, ಎಲ್ಲಿಯ ನಾಗಮಂಗಲ, ಮಾವ!” ಎಂದನು. ಆ ನಗೆಗೆ ನಾನು ಆಗ ಉತ್ತರ ಕೊಡಲಿಲ್ಲ. ಕೊಡಬೇಕಾಗಿದ್ದರೆ ಮೂವತ್ತು ವರ್ಷಕ್ಕೆ ಹಿಂದಿನ ಒಂದು ಸಂಗತಿಯನ್ನು ಹೇಳಬೇಕಾಗಿತ್ತು. ಹೇಳಲು ನಾಲಗೆ ಏಳಲಿಲ್ಲ. ಬಾಯಿಂದ ಆಗದುದನ್ನು ಲೇಖನಿಯಿಂದಲಾದರೂ ಮಾಡೋಣವೆಂದು ಈ ಬರೆಹಕ್ಕೆ ತೊಡಗಿದ್ದೇನೆ. ವಾಚಕ ಮಹಾಶಯರು ಮನ್ನಿಸಬೇಕು.

ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹೊಡೆದು, ಆಮೇಲೆ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಮೇಷ್ಟರಾಗಿದ್ದವನಿಗೆ ಗುದ್ದಾಟದ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ತಂದೆಯವರು ಊರಿನ ಗರಡಿಮನೆಯ ಆಂಜನೇಯನಿಗೆ ಶನಿವಾರದ ಪೂಜೆ ಮಾಡುತ್ತಿದ್ದರು. ಮಂಗಳಾರತಿಯ ತಟ್ಟೆ ಹಿಡಿದುಕೊಂಡು ನಾನೂ ಹೋಗುತ್ತಿದ್ದೆನು. ಪೂಜೆ ಮುಗಿದರೂ ನಾನು ಏಳುತ್ತಿರಲಿಲ್ಲ. ಎಣ್ಣೆಯೂ ನಿಂಬೆಯ ರಸವೂ ಬೆರೆತ ಆ ಕೆಮ್ಮಣ್ಣಿನ ವಾಸನೆ, ಮಟ್ಟಿಗೆ ಇಳಿಯುವ ಮುನ್ನ ಪೈಲ್ವಾನರು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೀತಿ, ಇವು ನನಗೆ ಇಂದಿಗೂ ದೇವಸ್ಥಾನದ ನೆನಪಿನೊಡನೆಯೇ ಬರುತ್ತವೆ.

ಅಲ್ಲದೆ ಮುಷ್ಟಿಯುದ್ಧವೇನೂ ನಮ್ಮ ಪಟ್ಟಣಕ್ಕೆ ಹೊಸದಲ್ಲ. ಹೈದರ್, ಟಿಪ್ಪುಗಳ ರಾಜ್ಯದಲ್ಲಿ ಹತ್ತು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗನು ತನ್ನ ಅನುಭವಗಳನ್ನು ಬರೆದಿಟ್ಟನು. ಆ ಪುಸ್ತಕ ೧೮೨೪ರಲ್ಲಿ ಅಚ್ಚಾಯಿತು. ಅದರಲ್ಲಿ ಸುಲ್ತಾನನ ಸಮ್ಮುಖದಲ್ಲಿ ನಡೆಯುತ್ತಿದ್ದ ಜೆಟ್ಟಿಗಳ ಕಾಳಗದ ವರ್ಣನೆಯಿದೆ. ತಲೆ ಬೋಳಿಸಿಕೊಂಡು, ಮೈಗೆ ಎಣ್ಣೆ ಹಚ್ಚಿಕೊಂಡು, ಬಲಗೈಗೆ ವಜ್ರಮುಷ್ಟಿಯನ್ನು ತೊಟ್ಟ ಜೆಟ್ಟಿಗಳು ತಮ್ಮ ಗುರುಗಳನ್ನು ಮುಂದಿಟ್ಟುಕೊಂಡು ಬರುತ್ತಿದ್ದರಂತೆ. ಒಂದು ಗರಡಿಯವರಿಗೆ ಎದುರಾಗಿ ಇನ್ನೊಂದು ಗರಡಿಯವರನ್ನು ಜೋಡಿ ಕಟ್ಟುತ್ತಿದ್ದರಂತೆ. ಕೊರಳ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗ ಆರಂಭ. ಹಿಂಜರಿದವರನ್ನು ಮುಂದಕ್ಕೆ ದೂಡಲು ಬೆನ್ನ ಹಿಂದೆ ಆಳುಗಳು ನಿಂತಿರುತ್ತಿದ್ದರೆಂದೂ, ಚೆನ್ನಾಗಿ ಸೆಣಸಿದವರಿಗೆ ಯೋಗ್ಯತೆಗೆ ತಕ್ಕ ರುಮಾಲು, ಶಾಲು ದೊರೆಯುತ್ತಿತ್ತೆಂದೂ ಅವನು ಹೇಳುತ್ತಾನೆ. ಸೆರೆಯಾಳಿನ ಮಾತಿಗೆ ಸೆರೆಯ ಕಹಿ ಸ್ವಲ್ಪ ಬೆರೆತಿರುವುದು ಸಹಜ. ಆದರೂ “ಗರಡಿಗೆ ಗರಡಿ” ಎಂಬ ಆ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಇಂದಿಗೂ ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿಗಳಲ್ಲಿ ಜೋಡಿಗಳನ್ನು ಮುಂಚಿತವಾಗಿಯೇ ಗೊತ್ತುಮಾಡಿರುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಾಣುತ್ತಲೇ ಕಾಳಗವನ್ನು ನಿಲ್ಲಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಆ ಕಾಳಗಕ್ಕಿಂತ ಅದಕ್ಕೆ ಮೊದಲು ನಡೆಯುವ ಜೋಡಿಯ ವಿಚಾರವೇ ದೊಡ್ಡದು.

ನಮ್ಮ ಹಿಂದಿನವರು ಈ ವಿಚಾರವನ್ನು ಹಗುರವಾಗಿ ಎಣಿಸಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ವರ್ಗ ಮಾಡಿದ್ದಾನೆ. ಜೆಟ್ಟಿ ಎಂಬ ಮಾತೂ ಈ ಜ್ಯೇಷ್ಠ ಶಬ್ದದಿಂದಲೇ ಬಂದುದೆಂದು ಹೇಳುವುದುಂಟು. ಇನ್ನು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನು ವಾದಸಭೆಗೆ ಹೋಗುವ ಮುನ್ನ ಎದುರಾಳಿಯು ತನಗಿಂತ ಮೇಲೋ, ಕೀಳೋ, ಸಮನೋ ಎಂದು ಪರೀಕ್ಷಿಸಿಕೊಳ್ಳಬೇಕೆಂಬ ವಿಧಿಯಿದೆ. ಬಾಯಿಯಿಂದ ಹೋರಾಡುವವರಿಗೇ ಇಷ್ಟು ಎಚ್ಚರ ಬೇಕಾದರೆ ಮೈಯಿಂದ ಹೋರಾಡುವವರಿಗೆ ಎಷ್ಟು ಬೇಡ?

ಪುರಾಣಗಳಲ್ಲಿ ಎರಡು ಪ್ರಸಂಗಗಳು ಇಲ್ಲಿ ನೆನಪಿಗೆ ಬರುತ್ತವೆ. ಒಂದು ಕಂಸನ ಮಲ್ಲರಂಗ. ಚಾಣೂರನು ಬಾಲಕೃಷ್ಣನನ್ನು ಸೆಣಸಿಗೆ ಕರೆದಾಗ ಕೃಷ್ಣನು, ತಾವು ಹುಡುಗರು, ಸಮಾನಬಲರೊಡನೆ ಆಡುತ್ತೇವೆ, ಸಭೆಯವರಿಗೆ ಅಧರ್ಮ ತಟ್ಟದಿರಲಿ ಎನ್ನುತ್ತಾನೆ. ನೋಡಲು ನೆರೆದಿದ್ದ ಮಧುರೆಯ ಹೆಂಗಸರೂ, ಇಂಥ ವಿಷಮ ಜೋಡಿಯನ್ನು ಕಣ್ಣಾರೆ ಕಂಡು ಸುಮ್ಮನಿರುವ ಸಭಾಸದರದು ದೊಡ್ಡ ಅಧರ್ಮವೆಂದು ಮರುಗುತ್ತಾರೆ. ಗಮನಿಸಬೇಕು: ಪಾಪವು ಹೊಡೆಯುವವನಿಗೆ ಮಾತ್ರವಲ್ಲ, ಜೋಡಿಯನ್ನು ಒಪ್ಪಿ ಕುಳಿತವರಿಗೂ ಉಂಟು. ಇನ್ನೊಂದು ಹಸ್ತಿನಾವತಿಯ ರಂಗಭೂಮಿ. ಕರ್ಣನು ಅರ್ಜುನನಿಗೆ ಎದುರಾಗಿ ನಿಂತಾಗ ಕೃಪಾಚಾರ್ಯರು ಅವನ ಬಿಲ್ಗಾರಿಕೆಯನ್ನು ಕೇಳಲಿಲ್ಲ, ಕುಲವನ್ನು ಕೇಳಿದರು. ಕೂಡಲೇ ದುರ್ಯೋಧನನು ಅವನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟಿ ಅರ್ಹನನ್ನಾಗಿ ಮಾಡಿದನು. ಯೋಗ್ಯನಿಗೆ ಜೋಡಿಯನ್ನು ತಪ್ಪಿಸುವುದು ಹೇಗೆ, ಬೇಕಾದವನಿಗೆ ನಿಂತ ನಿಲುವಿನಲ್ಲಿ ಪಟ್ಟವನ್ನು ಸೃಷ್ಟಿಸುವುದು ಹೇಗೆ ಎಂಬ ಎರಡು ವಿದ್ಯೆಗಳೂ ಆ ಒಂದೇ ಗಳಿಗೆಯಲ್ಲಿ ಪ್ರಕಟವಾದವು.

ಈ ಎರಡು ವಿದ್ಯೆಗಳನ್ನೂ ಪಾಶ್ಚಾತ್ಯರು ಬಹಳ ಬೆಳೆಸಿದ್ದಾರೆಂದು ನನ್ನ ಸೋದರಳಿಯನ ಮಾತಿನಿಂದಲೂ, ಆಮೇಲೆ ನಾನೇ ಓದಿ ತಿಳಿದುದರಿಂದಲೂ ಹೇಳಬಲ್ಲೆ. ಅವರ ಮುಷ್ಟಿಯುದ್ಧದಲ್ಲಿ ಮಧ್ಯಮ ತೂಕವೆಂದರೆ ನೂರ ಅರವತ್ತು ಪೌಂಡಿನ ಮಿತಿ. ಎಂದರೆ ಎಪ್ಪತ್ತೆರಡೂವರೆ ಕಿಲೋ. ರಾಗಿಮುದ್ದೆ ತಿಂದು, ನೊಗ ಹೊತ್ತು, ಕಬ್ಬಿನ ಹೊರೆ ಎತ್ತಿ ಬೆಳೆದ ನಮ್ಮ ಮಂಡ್ಯದ ಕಡೆಯ ಗಟ್ಟಿಮುಟ್ಟಾದ ಹುಡುಗನ ತೂಕವೇ ಇದು. ೧೯೨೨ರಲ್ಲಿ ನ್ಯಾಟ್ ಫ್ಲೈಷರ್ ಎಂಬಾತನು ನ್ಯೂಯಾರ್ಕಿನಲ್ಲಿ ‘ದಿ ರಿಂಗ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಅದರ ಎರಡು ಮೂರು ವರ್ಷಗಳಲ್ಲಿಯೇ ಪ್ರತಿಯೊಂದು ತೂಕದವರನ್ನೂ ಒಂದು, ಎರಡು, ಮೂರು ಎಂದು ಎಣಿಸುವ ಪಟ್ಟಿಗಳು ಅಲ್ಲಿ ಬರತೊಡಗಿದವು. ೧೯೨೧ರಲ್ಲಿ ಹುಟ್ಟಿದ್ದ ಅಮೆರಿಕದ ಒಂದು ಸಂಘ ೧೯೬೨ರಲ್ಲಿ ವಿಶ್ವಸಂಸ್ಥೆಯೆಂದು ಹೆಸರು ಬದಲಿಸಿಕೊಂಡಿತು. ೧೯೬೩ರಲ್ಲಿ ಮೆಕ್ಸಿಕೋದಲ್ಲಿ ಇನ್ನೊಂದು, ೧೯೮೩ರಲ್ಲಿ ಮೂರನೆಯದು, ೧೯೮೮ರಲ್ಲಿ ನಾಲ್ಕನೆಯದು. ನಾಲ್ಕು ಸಂಸ್ಥೆಗಳಿಗೂ ನಾಲ್ಕು ಪಟ್ಟ, ನಾಲ್ಕು ಪಟ್ಟಿ. ಪಟ್ಟಕ್ಕಾಗಿ ಪಂದ್ಯ ನಡೆದಾಗ ಆಟಗಾರರಿಗೆ ಬರುವ ಹಣದಲ್ಲಿ ಸಂಸ್ಥೆಗೆ ಒಂದು ಪಾಲು ಸಲ್ಲುತ್ತದೆ. ಪಟ್ಟಿ ಬರೆಯುವ ಕೈಯೇ ಪಾಲು ತೆಗೆದುಕೊಳ್ಳುವ ಕೈಯಾದ ಮೇಲೆ ಹೆಚ್ಚು ಹಣ ತರುವವನು ಪಟ್ಟಿಯಲ್ಲಿ ಮೇಲೇರುವುದಕ್ಕೆ ಆಶ್ಚರ್ಯಪಡಬೇಕಾದುದಿಲ್ಲ. ಪಟ್ಟಿಯಲ್ಲಿ ಮೊದಲನೆಯವನಿಗೆ ಇಷ್ಟು ಕಾಲದೊಳಗೆ ಪಟ್ಟಧಾರಿಯು ಪಂದ್ಯವನ್ನು ಕೊಡಲೇಬೇಕೆಂಬ ನಿಯಮವೇನೋ ಉಂಟು. ಆದರೆ ಅವನಿಗೆ ಹಣ ಕೊಟ್ಟು ಪಕ್ಕಕ್ಕೆ ಸರಿಸುವ ಪದ್ಧತಿಯೂ ಉಂಟಂತೆ!

ಇದರ ಫಲ ಏನೆಂಬುದಕ್ಕೆ ಮಧ್ಯಮ ತೂಕದವರೇ ಇಬ್ಬರು ಸಾಕ್ಷಿ. ಪಿಟ್ಸ್‌ಬರ್ಗಿನ ಚಾರ್ಲಿ ಬರ್ಲಿ ಎಂಬ ಕರಿಯ ಜನಾಂಗದವನು ೧೯೪೦ರ ದಶಕದಲ್ಲಿ ಅಗ್ರಗಣ್ಯರ ಪಂಕ್ತಿಯಲ್ಲಿದ್ದನು. ಅವನ ಸಾಮರ್ಥ್ಯವನ್ನು ಬಲ್ಲವರೆಲ್ಲ ಹೊಗಳಿದರು. ಬಲ್ಲವರೆಲ್ಲ ಅವನಿಂದ ದೂರವಿದ್ದರು. ಪಟ್ಟಕ್ಕಾಗಿ ಸೆಣಸುವ ಅವಕಾಶ ಅವನಿಗೆ ಒಂದು ಸಲವೂ ದೊರೆಯಲಿಲ್ಲ. ಕಡೆಗೆ ತನ್ನ ಊರಿನಲ್ಲಿ ಕಸ ಸಾಗಿಸುವ ಕೆಲಸ ಮಾಡಿ ಬಾಳಿದನು. ಎರಡನೆಯವನು ಮಾರ್ವಿನ್ ಹ್ಯಾಗ್ಲರ್. ವರ್ಷಗಟ್ಟಲೆ ಬಾಗಿಲಲ್ಲಿ ಕಾಯಿಸಿ, ಅಮೆರಿಕದ ಶಾಸನಸಭೆಯ ದೊಡ್ಡವರು ಕಾಗದ ಬರೆದ ಮೇಲೆ, ೧೯೭೯ರ ನವೆಂಬರಿನಲ್ಲಿ ಅವನಿಗೆ ಮೊದಲ ಅವಕಾಶ ಬಂದಿತು; ಅದು ಸಮನೆಂದು ತೀರ್ಪಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಆಲನ್ ಮಿಂಟರನನ್ನು ಮೂರೇ ಸುತ್ತಿನಲ್ಲಿ ಸೋಲಿಸಿದನು. ಆ ಪಟ್ಟವನ್ನು ೧೯೮೭ರವರೆಗೆ ಉಳಿಸಿಕೊಂಡನು. ಇಷ್ಟು ಕಾಲ ಮೊದಲಿಗನಾಗಿ ನಿಲ್ಲಬಲ್ಲವನನ್ನು ಅಷ್ಟು ಕಾಲ ಹೊರಗೆ ನಿಲ್ಲಿಸಿದ್ದರು. ಈ ನಡುವೆ, ೧೯೭೭ರಲ್ಲಿ, ದೂರದರ್ಶನಕ್ಕಾಗಿ ನಡೆಸುತ್ತಿದ್ದ ಒಂದು ದೊಡ್ಡ ಪಂದ್ಯಾವಳಿಯಲ್ಲಿ, ಆ ಪ್ರಸಿದ್ಧ ಪತ್ರಿಕೆಯ ಹೆಸರಿನಲ್ಲಿ ಒದಗಿಸಿದ ದಾಖಲೆಗಳಲ್ಲಿ ನಡೆಯದೇ ಇದ್ದ ಪಂದ್ಯಗಳನ್ನೂ ಗೆಲುವೆಂದು ಸೇರಿಸಿದ್ದುದು ಬಯಲಾಗಿ, ಪಂದ್ಯಾವಳಿಯೇ ನಿಂತುಹೋಯಿತು. ೨೦೦೦ದಲ್ಲಿ ಅಮೆರಿಕದವರು ಮುಹಮ್ಮದ್ ಅಲಿಯ ಹೆಸರಿನಲ್ಲಿ ಒಂದು ಕಾಯಿದೆ ಮಾಡಿ, ಪಟ್ಟಿ ಮಾಡುವವರು ತಮ್ಮ ಮಾನದಂಡವನ್ನು ಪ್ರಕಟಿಸಬೇಕು, ಸ್ಥಾನ ಬದಲಾದರೆ ಕಾರಣ ಹೇಳಬೇಕು ಎಂದು ವಿಧಿಸಿದರು. “ಕಾರಣ ಹೇಳಬೇಕು” ಎಂಬ ಆ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಹುಡುಗನು ಅಂದು ಇದಕ್ಕೆಲ್ಲ ಒಂದು ಮದ್ದನ್ನು ಸೂಚಿಸಿದನು. “ಮನುಷ್ಯರನ್ನೇ ಬಿಟ್ಟುಬಿಡೋಣ ಮಾವ. ಯಾರು ಯಾರನ್ನು ಗೆದ್ದರೆಂಬುದನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದೇ ಅಂಕ ಹಾಕುತ್ತದೆ. ಅದಕ್ಕೆ ಬಂಧುವಿಲ್ಲ, ಲಂಚವಿಲ್ಲ” ಎಂದನು. ಮಾತು ಸೊಗಸಾಗಿದೆ. ಆದರೆ ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ಒಂದು ದೋಷವನ್ನು ಹೇಳುತ್ತಾರೆ. ಇದಕ್ಕೆ ಅದು, ಅದಕ್ಕೆ ಇದು ಆಧಾರವಾಗಿ, ಎರಡೂ ನಿಲ್ಲದೆ ಹೋಗುವುದು. ಒಳ್ಳೆಯ ಜೋಡಿ ದೊರೆಯಬೇಕಾದರೆ ಪಟ್ಟಿಯಲ್ಲಿ ಒಳ್ಳೆಯ ಸ್ಥಾನವಿರಬೇಕು. ಒಳ್ಳೆಯ ಸ್ಥಾನ ಬರಬೇಕಾದರೆ ಒಳ್ಳೆಯವನನ್ನು ಗೆದ್ದಿರಬೇಕು. ಗೆಲ್ಲಬೇಕಾದರೆ ಮೊದಲು ಜೋಡಿ ದೊರೆಯಬೇಕು. ಯಂತ್ರವು ನಡೆದ ಪಂದ್ಯವನ್ನು ಎಣಿಸೀತು. ನಡೆಯಗೊಡದ ಪಂದ್ಯವನ್ನು ಎಣಿಸುವುದೆಂತು? ಹವ್ಯಾಸಿಗಳಲ್ಲಿ ಈ ತೊಡಕು ಕಡಮೆ. ಅಲ್ಲಿ ಪಂದ್ಯಾವಳಿಯಲ್ಲಿ ಚೀಟಿ ಎತ್ತಿದಂತೆ ಎದುರಾಳಿ ಬರುತ್ತಾನೆ, ಬೇಡವೆನ್ನುವಂತಿಲ್ಲ. ನಮ್ಮ ದೇಶದ ವಿಜೇಂದರ್ ಸಿಂಗನು ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎಪ್ಪತ್ತೈದು ಕಿಲೋ ಮಧ್ಯಮ ತೂಕದಲ್ಲಿ ಕಂಚು ಗಳಿಸಿ, ೨೦೦೯ರಲ್ಲಿ ಆ ತೂಕದ ವಿಶ್ವಪಟ್ಟಿಯಲ್ಲಿ ಮೊದಲನೆಯವನಾದುದು ಹೀಗೆ ಸಾಲಾಗಿ ಎದುರಾದವರನ್ನು ಗೆದ್ದುದರಿಂದ.

ಇನ್ನು ಮೈಮೇಲಿನ ಮಾತಿಗೆ ಬರುತ್ತೇನೆ.

೧೯೯೩ರಲ್ಲಿ ನಾನು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆನು. ಊರ ಜಾತ್ರೆಯಲ್ಲಿ ಕುಸ್ತಿ ನಡೆಸುವುದೆಂದು ನಿಶ್ಚಯವಾಯಿತು. ಅಕ್ಷರ ದುಂಡಗಿದೆ, ಪಕ್ಷಪಾತವಿಲ್ಲ ಎಂಬ ಎರಡು ಕಾರಣಗಳಿಂದ ಜೋಡಿ ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಜೋಡಿಯ ವಿಷಯದಲ್ಲಿ ಕಡೆಯ ಮಾತು ನನ್ನದೇ ಎಂದರು. ನನಗೆ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡಲಾರೆ. ಹಳಬರು ಕಣ್ಣಂದಾಜಿನಲ್ಲಿ ಜೋಡಿ ಕಟ್ಟುವುದು ಅಶಾಸ್ತ್ರೀಯವೆಂದು ವಾದಿಸಿ, ನ್ಯಾಯಬೆಲೆ ಅಂಗಡಿಯಲ್ಲಿ ಮೂಟೆ ತೂಗುವ ತಕ್ಕಡಿಯನ್ನು ತರಿಸಿ ಅಖಾಡದ ಪಕ್ಕದಲ್ಲಿ ಇಡಿಸಿದೆನು.

ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿದ್ದ ಒಬ್ಬ ಹುಡುಗನು ಆಗ ಹತ್ತೊಂಬತ್ತು ವರ್ಷದವನು. ಮೂರು ವರ್ಷದಿಂದ ಸಾಮು ಮಾಡುತ್ತಿದ್ದವನು. ತೂಕ ಎಪ್ಪತ್ತೊಂದು ಕಿಲೋ. ಹೊರ ಜಿಲ್ಲೆಯಿಂದ ಬಂದ ಒಬ್ಬ ಪೈಲ್ವಾನನ ತೂಕ ಎಪ್ಪತ್ತೊಂದೂವರೆ. ನಾನು ಸಂತೋಷದಿಂದ ಇಬ್ಬರ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಲು ಹೊರಟೆನು. ನಮ್ಮೂರ ಗರಡಿಯ ಉಸ್ತಾದರು, ಓದು ಬರೆಹ ಬಾರದ ಮುದುಕರು, ಬಂದವನ ಕೈ ಕುಲುಕಿ, ಮಣಿಕಟ್ಟನ್ನು ಒಂದು ಗಳಿಗೆ ಹಿಡಿದು, ಕತ್ತಿನ ಮೇಲೆ ಕೈಯಾಡಿಸಿ ನನ್ನ ಬಳಿಗೆ ಬಂದರು.

“ಸ್ವಾಮಿ, ತೂಕ ಸರಿಯಾಗದೆ, ಜೋಡಿ ಸರಿಯಾಗಿಲ್ಲ. ಬರೀಬ್ಯಾಡಿ.”

“ಕಾರಣ ಹೇಳಿ ಉಸ್ತಾದರೆ.”

“ಅವನ ಕಿವಿ ನೋಡಿ. ಮುದ್ದೆ ಕಟ್ಟವೆ. ಬಾಳ ವರ್ಷ ಮಣ್ಣು ತಿಂದವನು. ನಮ್ಮ ಹುಡುಗ ಇನ್ನೂ ಎಳೇದು.”

ಮಟ್ಟಿಯಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಉಜ್ಜಿದವರ ಕಿವಿ ಊದಿ ಗಂಟುಕಟ್ಟುವುದು ನಿಜ. ಆದರೆ ನನಗೆ ಅದು ಆಗ ತಿಳಿಯದು. “ಕಿವಿಯನ್ನು ನೋಡಿ ನ್ಯಾಯ ಹೇಳಲಾಗುವುದಿಲ್ಲ ಉಸ್ತಾದರೆ, ತಕ್ಕಡಿಯೇ ಪ್ರಮಾಣ” ಎಂದೆನು. ಸುತ್ತಲಿದ್ದವರು ತಲೆದೂಗಿದರು. ಬಹುಮಾನದ ಹಣ ಕೊಟ್ಟಿದ್ದ ಒಬ್ಬ ಮಹನೀಯರಿಗೂ ಊರ ಹುಡುಗನೇ ಕಡೆಯ ಕುಸ್ತಿಗೆ ಬೇಕಾಗಿತ್ತು; ಜನ ಸೇರುವುದು ಅದಕ್ಕೆ. ಅವರು ನನ್ನನ್ನು ಹೊಗಳಿದರು. ಉಸ್ತಾದರು ಮರುಮಾತಾಡಲಿಲ್ಲ. ನಾನು ಬರೆದೆನು.

ಕುಸ್ತಿ ನಾಲ್ಕು ನಿಮಿಷವೂ ನಡೆಯಲಿಲ್ಲ. ಹುಡುಗನ ಬಲದೋಳು ಕೀಲು ತಪ್ಪಿ, ಒಳಗಿನ ನರವೂ ನೊಂದಿತು. ಎದುರಾಳಿಯು ಕೆಟ್ಟವನಲ್ಲ, ಕೂಗು ಕೇಳುತ್ತಲೇ ಪಟ್ಟು ಬಿಟ್ಟು, ತಾನೇ ಅವನನ್ನು ಎತ್ತಿಕೊಂಡು ಹೊರಗೆ ತಂದನು. ಮೈಸೂರಿನಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆಯಾಯಿತು. ತೋಳು ಇಂದಿಗೂ ಹೆಗಲಿಗಿಂತ ಮೇಲಕ್ಕೆ ಏಳುವುದಿಲ್ಲ. ಅವನ ತಾಯಿ ನಮ್ಮ ಮನೆಗೆ ಬಂದು ನನ್ನನ್ನು ಬಯ್ಯಲಿಲ್ಲ. “ದೇವರು ಹಿಂಗೆ ಬರೆದಿದ್ದ ಮೇಷ್ಟ್ರೇ” ಎಂದಳು. ಬರೆದವನು ದೇವರಲ್ಲವೆಂಬುದು ನನಗೆ ಗೊತ್ತಿತ್ತು. ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು.

“ತೂಕ ಸಮ, ಆದುದರಿಂದ ಬಲ ಸಮ” ಎಂದು ನಾನು ಮಾಡಿದ ಅನುಮಾನವು ಸವ್ಯಭಿಚಾರ ಹೇತುವಿಗೆ ಒಳ್ಳೆಯ ಉದಾಹರಣೆ. ಆ ತಕ್ಕಡಿಯ ಮೇಲೆ ಹಿಂದಿನ ದಿನ ಒಂದೂವರೆ ಮೂಟೆ ರಾಗಿಯನ್ನು ಇಟ್ಟಿದ್ದರೆ ಅದೂ ಅಷ್ಟೇ ತೂಗುತ್ತಿತ್ತು, ಅದೂ ಜೋಡಿಯಾಗುತ್ತಿತ್ತೇ? ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಗೆ ಹೋದವರು ಕಂಡಿರಬಹುದು. ಹಳ್ಳಿಕಾರ್ ಎತ್ತಿಗೆ ಜೋಡಿ ಹುಡುಕುವ ರೈತನು ಹಲ್ಲು ನೋಡುತ್ತಾನೆ, ಕೊಂಬು ನೋಡುತ್ತಾನೆ, ಎತ್ತರ ಅಳೆಯುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನಡಿಗೆ ನೋಡುತ್ತಾನೆ. ತೂಗುವುದಿಲ್ಲ. ಎತ್ತಿಗೆ ಸಲ್ಲುವ ಈ ವಿವೇಕವನ್ನು ನಾನು ನನ್ನ ಶಿಷ್ಯನಿಗೆ ಸಲ್ಲಿಸಲಿಲ್ಲ. ತಕ್ಕಡಿಯನ್ನು ತರಿಸಿದ್ದು ತಪ್ಪಲ್ಲ. ಹತ್ತು ಕಿಲೋ ಹೆಚ್ಚಿನವನ ಕೆಳಗೆ ಹುಡುಗನನ್ನು ಹಾಕುವುದನ್ನು ಅದು ತಪ್ಪಿಸುತ್ತದೆ. ಯಾವ ಜೋಡಿ ಬೇಡವೆಂಬುದನ್ನು ತಕ್ಕಡಿ ಹೇಳಬಲ್ಲುದು. ಯಾವ ಜೋಡಿ ಸರಿಯೆಂಬುದನ್ನು ಹೇಳಲಾರದು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಒಂದು ತಪ್ಪಿನ ಕಥೆಯಾಗುತ್ತಿತ್ತು. ಎರಡು ವರ್ಷದ ಮೇಲೆ ನನಗೆ ಕೃಷ್ಣರಾಜಪೇಟೆಯ ಕಡೆಗೆ ವರ್ಗವಾಯಿತು. ಬೇಡವೆಂದರೂ ಕೇಳದೆ ಅಲ್ಲಿಯೂ ಜೋಡಿಯ ಪುಸ್ತಕವನ್ನು ಕೊಟ್ಟರು. ಈ ಸಲ ನಾನು ಭಯಗ್ರಸ್ತನಾಗಿದ್ದೆನು. ಇಪ್ಪತ್ತನಾಲ್ಕು ವರ್ಷದ ಒಬ್ಬ ಯುವಕನು ಬಂದು ಜೋಡಿ ಕೇಳಿದನು. ಸುತ್ತಿನ ಊರುಗಳಲ್ಲಿ ಅವನಿಗೆ ಸರಿಯಾದವರು ಇಬ್ಬರೋ ಮೂವರೋ ಇದ್ದರು. ಅವರ ಕಡೆಯವರು, ಎಂದೂ ತೂಕ ನೋಡದವರು, ಅಂದು “ತೂಕ ಸರಿಯಿಲ್ಲ” ಎಂದರು. ಇನ್ನೊಬ್ಬರು “ಮೈಯಲ್ಲಿ ಹುಷಾರಿಲ್ಲ” ಎಂದರು. ನೆವವೆಂದು ನನಗೆ ತಿಳಿದಿತ್ತು. ಒತ್ತಾಯ ಮಾಡಬಹುದಾಗಿತ್ತು, ಮಾಡಲಿಲ್ಲ. ಯಾರಿಗೂ ಪೆಟ್ಟಾಗದಿದ್ದರೆ ಸಾಕೆಂದು ಪುಸ್ತಕ ಮುಚ್ಚಿದೆನು. ಮರುವರ್ಷವೂ ಅವನು ಬಂದನು. ಮರುವರ್ಷವೂ ಹಾಗೆಯೇ ಆಯಿತು. ಹೋಗುವಾಗ ಅವನು, “ಮೇಷ್ಟ್ರೇ, ನನ್ನ ಸೋಲಿಸೋನನ್ನಾದ್ರೂ ಕೊಡಿ, ಬರಿಗೈಲಿ ಕಳಿಸ್ಬ್ಯಾಡಿ” ಎಂದನು. ಆಮೇಲೆ ಅವನು ಮಟ್ಟಿಗೆ ಇಳಿಯಲಿಲ್ಲ. ಬೆಂಗಳೂರಿನ ಯಾವುದೋ ಕಟ್ಟಡದ ಬಾಗಿಲು ಕಾಯುವ ಕೆಲಸಕ್ಕೆ ಸೇರಿದನೆಂದು ಕೇಳಿದೆನು. ಚಾರ್ಲಿ ಬರ್ಲಿಯ ಕಥೆಯನ್ನು ಓದಿದ ರಾತ್ರಿ ನನಗೆ ಇವನ ಮುಖ ನೆನಪಾಯಿತು. ಪಿಟ್ಸ್‌ಬರ್ಗಿನವರನ್ನು ದೂರುವುದಕ್ಕೆ ನನಗೆ ಅಧಿಕಾರವಿಲ್ಲ.

ಮೊದಲನೆಯ ಸಲ ವಿಷಮ ಜೋಡಿಯನ್ನು ಬರೆದೆನು. ಎರಡನೆಯ ಸಲ ಸಮ ಜೋಡಿಯನ್ನು ಬರೆಯಲಿಲ್ಲ. ಒಂದು ಗರ್ವದಿಂದ, ಇನ್ನೊಂದು ಭಯದಿಂದ. ಕಂಸನ ಸಭೆಯ ಅಧರ್ಮವನ್ನೂ ಹಸ್ತಿನಾವತಿಯ ಅಧರ್ಮವನ್ನೂ ಒಬ್ಬ ಹಳ್ಳಿಯ ಮೇಷ್ಟ್ರು ಮೂರು ವರ್ಷದೊಳಗೆ ಮಾಡಿ ಮುಗಿಸಿದನು. ಮೊದಲನೆಯದಕ್ಕೆ ಸಾಕ್ಷಿಯಾಗಿ ಮುರಿದ ತೋಳು ಉಂಟು, ನೋಡಿದವರು ಮರುಗುತ್ತಾರೆ. ಎರಡನೆಯದಕ್ಕೆ ಸಾಕ್ಷಿಯಿಲ್ಲ. ಅದರಿಂದಲೇ ಜಗತ್ತಿನಲ್ಲಿ ಎರಡನೆಯದು ಹೆಚ್ಚಾಗಿ ನಡೆಯುತ್ತದೆಂದು ನನ್ನ ನಂಬಿಕೆ.

ಹಾಗಾದರೆ ಏನು ಮಾಡತಕ್ಕದ್ದು? ನಾನು ವಿಧಿಗಳನ್ನು ಹೇಳುವಷ್ಟು ದೊಡ್ಡವನಲ್ಲ; ನೊಂದು ಕಲಿತದ್ದನ್ನು ಹೇಳುತ್ತೇನೆ. ಪಟ್ಟಿ ಬರೆಯುವವನಿಗೆ ಜನಸಂದಣಿಯಿಂದಲಾಗಲಿ ಹಣದಿಂದಲಾಗಲಿ ಲಾಭವಿರಕೂಡದು. ಜೋಡಿಯನ್ನು ಎರಡು ಕಡೆಯ ಗುರುಗಳೂ ಕೈಮುಟ್ಟಿ ನೋಡಿ ಒಪ್ಪಬೇಕು. ಸ್ಕರಿಯು ಕಂಡಂತೆ ಗುರುಗಳು ಮುಂದೆ ಬರುತ್ತಿದ್ದುದು ಬರಿಯ ಮೆರವಣಿಗೆಗಾಗಿ ಅಲ್ಲವೆಂದು ತೋರುತ್ತದೆ. ಒಪ್ಪಲಿ, ಬಿಡಲಿ, ಕಾರಣವನ್ನು ಜನರ ಎದುರಿಗೆ ಗಟ್ಟಿಯಾಗಿ ಹೇಳಬೇಕು. ಗುಟ್ಟಿನಲ್ಲಿ ಹೇಳುವ ನೆವವು ಬಯಲಿನಲ್ಲಿ ನಿಲ್ಲುವುದಿಲ್ಲ. ಒಂದು ಜಾತ್ರೆಯಲ್ಲಿ ಜೋಡಿಯಿಲ್ಲದೆ ಮರಳಿದವನ ಹೆಸರು ಮುಂದಿನ ಜಾತ್ರೆಯಲ್ಲಿ ಮೊದಲನೆಯ ಸಾಲಿನಲ್ಲಿರಬೇಕು. ಇಷ್ಟು ಮಾಡಿದರೆ ಪೆಟ್ಟು ಬೀಳುವುದೇ ಇಲ್ಲವೆಂದಲ್ಲ, ತಪ್ಪಾಗುವುದೇ ಇಲ್ಲವೆಂದೂ ಅಲ್ಲ. ತಪ್ಪು ಯಾರದೆಂಬುದಾದರೂ ತಿಳಿಯುತ್ತದೆ.

ಸಂಕ್ರ‍ಾಂತಿಯ ಆ ವಾದವಾದ ಒಂದು ತಿಂಗಳಿಗೆ ಪಾಂಡವಪುರದ ಕಡೆಯ ಒಂದು ಜಾತ್ರೆಗೆ ಹೋಗಿದ್ದೆನು. ಭೀಮನು ಬಕಾಸುರನನ್ನು ಕೊಂದನೆಂದು ಜನ ಹೇಳುವ ಕುಂತಿಬೆಟ್ಟ ದೂರದಲ್ಲಿ ಕಾಣುತ್ತಿತ್ತು. ಅಖಾಡದ ಬಳಿ ಜೋಡಿ ಕಟ್ಟುತ್ತಿದ್ದವನು ನನ್ನ ಆ ಶಿಷ್ಯನೇ. ಈಗ ಅವನಿಗೆ ಐವತ್ತು ದಾಟಿದೆ. ಸುತ್ತಿನ ಊರುಗಳ ಗರಡಿಯವರೆಲ್ಲ ಅವನ ಮಾತನ್ನು ಮನ್ನಿಸುತ್ತಾರೆ. ಎಡಗೈಯಿಂದ ಹುಡುಗರ ಕತ್ತು, ಮಣಿಕಟ್ಟು, ಕಿವಿಗಳನ್ನು ಮುಟ್ಟಿ ನೋಡುತ್ತಿದ್ದನು. ತಕ್ಕಡಿಯೂ ಪಕ್ಕದಲ್ಲಿತ್ತು. ನನ್ನನ್ನು ಕಂಡು ನಕ್ಕು, “ಬನ್ನಿ ಮೇಷ್ಟ್ರೇ, ಬರೆಯೋರು ಬಂದಿಲ್ಲ, ನೀವೇ ಬರೀರಿ” ಎಂದು ಪುಸ್ತಕವನ್ನು ನನ್ನ ಮುಂದಿಟ್ಟನು. ನನ್ನ ಕೈ ನಡುಗಿತು. ಅವನು ಅದನ್ನು ಕಂಡನೋ ಇಲ್ಲವೋ ನಾನರಿಯೆ.

ಪುಸ್ತಕದಲ್ಲಿ ಹೆಸರಿಗೆ ಎರಡು ಕಂಬಸಾಲುಗಳಿದ್ದವು. ನಾನು ಕಡ್ಡಿಯಿಟ್ಟು ಮೂರನೆಯ ಗೆರೆಯೊಂದನ್ನು ಎಳೆದು, ಅದರ ತಲೆಯ ಮೇಲೆ “ಕಾರಣ” ಎಂದು ಬರೆದೆನು. ಅವನು ಒಂದೊಂದು ಜೋಡಿಗೂ ಕಾರಣವನ್ನು ಗಟ್ಟಿಯಾಗಿ ಹೇಳಿದನು, ನಾನು ಬರೆದೆನು. ತೂಕ ಸರಿಯಾಗಿದ್ದ ಎರಡು ಜೋಡಿಗಳನ್ನು ಅವನು ಬೇಡವೆಂದನು. ಅದಕ್ಕೂ ಕಾರಣ ಬರೆಸಿದನು. ಹಿಂದಿನ ವರ್ಷ ಬರಿಗೈಯಲ್ಲಿ ಹೋಗಿದ್ದ ಒಬ್ಬನನ್ನು ಮೊದಲು ಕರೆದು, ನೆವ ಹೇಳಲು ಬಂದವರನ್ನು ಜನರ ಮುಂದೆ ನಿಲ್ಲಿಸಿ, ನೆವವನ್ನು ಗಟ್ಟಿಯಾಗಿ ಹೇಳಿರೆಂದನು. ಅವರು ಹೇಳಲಾರದೆ ಜೋಡಿಗೆ ಒಪ್ಪಿದರು. ಆ ಕುಸ್ತಿ ಇಪ್ಪತ್ತು ನಿಮಿಷ ನಡೆದು ಸಮವಾಯಿತು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ಎತ್ತಿ ಹಿಡಿದುಕೊಂಡು ಹೊರಗೆ ಬಂದರು.

ಪುಸ್ತಕದ ಒಂದು ನಕಲನ್ನು ಮಾಡಿಕೊಂಡು ಬಂದಿದ್ದೇನೆ. ತಂಗಿಯ ಮಗನು ಮುಂದಿನ ಹಬ್ಬಕ್ಕೆ ಬಂದಾಗ ಅವನ ಮುಂದಿಡುತ್ತೇನೆ. ಲಾಸ್ ವೇಗಾಸಿನವರಿಗೆ ತೋರಿಸುವುದಾದರೆ ತೋರಿಸಲಿ, ನಾಗಮಂಗಲದವರ ಅಭ್ಯಂತರವಿಲ್ಲ.